ಬುಗುರಿಯ ತಿರುಪು

ಓಲ್ಶೀನ್ಕಾದ ವಿಮಾನ ಕ್ಲಬ್ಬಿನಲ್ಲಿ ಒಂದು ಕಟ್ಟಳೆ ಇತ್ತು. ಅಭ್ಯಾಸದ ಹಾರಾಟದಲ್ಲಿ ದಾರಿ ತಪ್ಪಿದರೆ, ಯಾರಿಂದ ತಪ್ಪಿತೋ ಅವರು ಅವತ್ತು ಹ್ಯಾಂಗರ್ ಗುಡಿಸಬೇಕು. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ, ನೆಪ ಹೇಳುವಂತಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಒಂದರ ಹಿಂದೊಂದು ಭಾನುವಾರ ಕಸಬರಿಕೆ ಹಿಡಿದು ಕಾಣಿಸಿಕೊಂಡವರು ಜೆನೋನ್ ಮೇಷ್ಟ್ರು. ಹ್ಯಾಂಗರಿನ ಬಾಗಿಲಲ್ಲಿ ಟೀ ಲೋಟ ಹಿಡಿದು ಅದನ್ನು ನೋಡುತ್ತಾ ನಿಂತಿದ್ದವನು ಇರೆಕ್. ಗುಡಿಸಬೇಕಾದವನು ತಾನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಟೀ ಕುಡಿಯುತ್ತಿದ್ದ.

ಇರೆಕ್ ಕೆಟ್ಟವನೇನಲ್ಲ. ಹೆದ್ದಾರಿಯ ಬದಿಯಲ್ಲಿ ಅವನದೊಂದು ಟೈರ್ ಅಂಗಡಿ. ಪೋಲೆಂಡಿನ ಆ ಕೆರೆಗಳ ಸೀಮೆಯಲ್ಲಿ ಹಿಮ ಬೀಳುವ ಮುಂಚೆ ಒಂದು ಸಲ, ಹಿಮ ಕರಗಿದ ಮೇಲೆ ಒಂದು ಸಲ ಊರಿಗೆ ಊರೇ ಟೈರ್ ಬದಲಿಸುತ್ತದೆ. ಆ ಎರಡು ಸುಗ್ಗಿಯಲ್ಲಿ ದುಡಿದದ್ದರಲ್ಲಿ ಒಂದು ಪಾಲು ವಿಮಾನದ ಪೆಟ್ರೋಲಿಗೆ ಹೋಗುತ್ತಿತ್ತು. ಭಾನುವಾರ ಚರ್ಚಿನಿಂದ ನೇರ ಹುಲ್ಲುಗಾವಲಿನ ಆ ವಿಮಾನದಂಗಳಕ್ಕೆ. "ನಮ್ಮೆಜಮಾನ್ರು ಎಲ್ಲಿ ಅಂತ ಹುಡುಕ್ಬೇಕಿಲ್ಲ, ಕತ್ತು ಮೇಲೆತ್ತಿದ್ರೆ ಸಾಕು" ಎಂದು ಅವನ ಹೆಂಡತಿ ದಾನುತಾ ನೆರೆಯವರ ಮುಂದೆ ಅಣಕಿಸುತ್ತಿದ್ದಳು.

ಅವನನ್ನು ಅಲ್ಲಿಗೆ ಮೊದಲು ಕರೆತಂದವರೇ ಜೆನೋನ್ ಮೇಷ್ಟ್ರು. ಐಟಿಐಯಂಥ ಕಸುಬಿನ ಶಾಲೆಯಲ್ಲಿ ಅವನಿಗೆ ಗಣಿತ ಕಲಿಸಿದವರು. ಹುಡುಗ ಕೋನ, ತ್ರಿಕೋನ ಎಂದರೆ ಬೆವರುತ್ತಿದ್ದ. ಮೇಷ್ಟ್ರು ಒಂದು ದಿನ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ವಿಮಾನ ಹತ್ತಿಸಿ, "ನೋಡು, ತ್ರಿಕೋನ ಅಂದ್ರೆ ಇದು" ಎಂದು ಕೆಳಗೆ ಎರಡು ಕೆರೆ, ಒಂದು ಚರ್ಚಿನ ಗೋಪುರ ತೋರಿಸಿದ್ದರು. ಅವತ್ತಿನಿಂದ ಹುಡುಗ ಲೆಕ್ಕದಲ್ಲಿ ಪಾಸಾದ. ಮುಂದೆ ಪೈಲಟ್ ಆದ. ಮೇಷ್ಟ್ರು ಅವನ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವವರಾದರು. ಮೇಷ್ಟ್ರು ನಿವೃತ್ತರಾದರು, ಇರೆಕ್‌ನ ತಲೆಯೂ ಅರ್ಧ ನೆರೆಯಿತು, ಆ ಜೋಡಿ ಮಾತ್ರ ಬಿಡಲಿಲ್ಲ.

ಅವರ ಆಟ ಹೇಳಿಕೊಳ್ಳುವುದಕ್ಕೆ ಸುಲಭ. ಹೊರಡುವ ಸ್ವಲ್ಪ ಮುಂಚೆ ಒಂದು ಲಕೋಟೆ ಕೈಗೆ ಬರುತ್ತದೆ. ಅದರಲ್ಲಿ ತಿರುವುಗಳ ಗುರುತು, ಜೊತೆಗೆ ದಾರಿಯಲ್ಲಿ ಹುಡುಕಬೇಕಾದ ವಸ್ತುಗಳ ಫೋಟೋಗಳು: ಕೂಡುದಾರಿಯ ಮೇರಿಮಾತೆಯ ಪುಟ್ಟ ಗುಡಿ, ಕಂಬದ ಮೇಲಿನ ಕೊಕ್ಕರೆ ಗೂಡು, ಮರ ಕೊಯ್ಯುವ ಮಿಲ್ಲು, ಇಂಥವು. ಪೆನ್ಸಿಲು, ಅಳತೆಪಟ್ಟಿ, ಕೋನಮಾಪಕ ಇಟ್ಟುಕೊಂಡು ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಮೊಬೈಲು ಗಿಬೈಲು ಮುಟ್ಟುವಂತಿಲ್ಲ. ಪ್ರತಿ ತಿರುವನ್ನೂ ಹೇಳಿದ ಸೆಕೆಂಡಿಗೆ ದಾಟಬೇಕು. ವಿಮಾನ ಎಲ್ಲೆಲ್ಲಿ ಹೋಯಿತು ಎಂಬುದನ್ನು ಮೊಹರು ಮಾಡಿದ ಡಬ್ಬಿಯೊಂದು ಸುಮ್ಮನೆ ಬರೆದುಕೊಳ್ಳುತ್ತಿರುತ್ತದೆ. ಇಳಿದ ಮೇಲೆ ತರಬೇತುದಾರ ಬ್ವಾಜೆಯ್ ಅದನ್ನು ಗೋಡೆಯ ಪರದೆಯ ಮೇಲೆ ತೋರಿಸುವಾಗ ಎಲ್ಲರೂ ಬಂದು ನಗುತ್ತಾರೆ.

ನಕ್ಷೆ ದಾರಿ ಹೇಳುವವರದು, ಯಂತ್ರ ಪೈಲಟಿನದು. ಅವನು ನಕ್ಷೆ ಮುಟ್ಟುವಂತಿಲ್ಲ, ಇವರು ತಿರುಪು ಮುಟ್ಟುವಂತಿಲ್ಲ. ಯಂತ್ರಗಳಲ್ಲಿ ಒಂದನ್ನು ಕ್ಲಬ್ಬಿನವರು ಬುಗುರಿ ಎನ್ನುತ್ತಿದ್ದರು. ದಿಕ್ಸೂಚಿಯ ಮುಳ್ಳು ವಿಮಾನ ವಾಲಿದಾಗೆಲ್ಲ ತೂರಾಡುತ್ತದೆ, ಅದನ್ನು ನಂಬಿ ಹಾರಲಾಗದು. ಅದಕ್ಕೆ ಒಳಗೆ ಗಿರ್ರನೆ ಸುತ್ತುವ ಬುಗುರಿಯ ಬಲದಲ್ಲಿ ಅಲುಗದೆ ದಿಕ್ಕು ತೋರಿಸುವ ಇನ್ನೊಂದು ಮುಖ. ಆದರೆ ಬುಗುರಿಗೆ ಉತ್ತರ ಯಾವುದು ಎಂದು ತಾನಾಗಿ ಗೊತ್ತಿಲ್ಲ, ನಿಧಾನವಾಗಿ ಜಾರುತ್ತಲೂ ಇರುತ್ತದೆ. ಆಗಾಗ ದಿಕ್ಸೂಚಿ ನೋಡಿ, ಕೆಳಗಿನ ತಿರುಪು ತಿರುಗಿಸಿ ಸರಿಹೊಂದಿಸಬೇಕು. ಪೈಲಟ್ ಹೊಂದಿಸಿದನೋ ಇಲ್ಲವೋ ಎಂದು ಪಕ್ಕದವರು ಕೇಳುವುದು ಮರ್ಯಾದೆಯಲ್ಲ. ಅಷ್ಟು ವರ್ಷಗಳಲ್ಲಿ ಮೇಷ್ಟ್ರು ಒಮ್ಮೆಯೂ ಕೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಇರೆಕ್ ಅದನ್ನು ಮರೆತ. ಟೈರ್ ಸುಗ್ಗಿ, ಬೆನ್ನು ನೋವು, ನಿದ್ದೆ ಇಲ್ಲ, ಮರೆತ. ಮೇಷ್ಟ್ರು ಹೇಳಿದ ದಿಕ್ಕನ್ನೇ ಹಿಡಿದು ಹಾರಿದರೂ ಮರದ ಮಿಲ್ಲು ಸಿಗಲಿಲ್ಲ. ಮಿಲ್ಲಿರಬೇಕಾದ ಕಡೆ ಕೆರೆಯೊಂದು ಬಂದು ಪಳಪಳ ಹೊಳೆಯಿತು. ಇಳಿದು ನಿಲ್ಲಿಸುವಾಗ ಇರೆಕ್‌ನ ಕಣ್ಣು ದಿಕ್ಸೂಚಿಯ ಕಡೆ ಹೋಯಿತು. ಬುಗುರಿ ಬೇರೆಯೇ ದಿಕ್ಕು ತೋರಿಸುತ್ತಿತ್ತು. ಕೈ ಬೇಗನೆ ತಿರುಪನ್ನು ತಿರುಗಿಸಿ ಬುಗುರಿಯನ್ನು ಸರಿಮಾಡಿತು. ಪರದೆಯ ಮುಂದೆ ಅವನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೈ ಎತ್ತಿಬಿಟ್ಟಿದ್ದರು.

"ನಂದೇ ತಪ್ಪು ಬ್ವಾಜೆಯ್. ಕೋನಮಾಪಕ ಇಡೋವಾಗ ಏನೋ ಎಡವಟ್ಟಾಗಿದೆ."

"ಮೇಷ್ಟ್ರೇ, ನೀವೂ ಎಡವ್ತೀರಾ? ಬರ್ಲಿ ಬರ್ಲಿ, ಕಸಬರಿಕೆ ನಿಮಗೋಸ್ಕರ ಎಷ್ಟು ವರ್ಷದಿಂದ ಕಾಯ್ತಿತ್ತು" ಎಂದ ಬ್ವಾಜೆಯ್. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಇರೆಕ್ ಕೂಡ ಒಂದಿಷ್ಟು ನಕ್ಕ. ಆಮೇಲೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಎಂಬುದು ಅವತ್ತು ಬರಲಿಲ್ಲ, ಮರುದಿನವೂ ಬರಲಿಲ್ಲ.

ಅಲ್ಲಿಗೆ ನಿಂತಿದ್ದರೆ ಇದು ಮರೆವಿನ ಕಥೆಯಾಗುತ್ತಿತ್ತು, ನಾನು ಹೇಳುವ ಪ್ರಮೇಯವೂ ಇರುತ್ತಿರಲಿಲ್ಲ. ಆದರೆ ಅದೇ ಸಂಜೆ ಬೆಂಕಿಯ ಸುತ್ತ ಕೂತು ಸಾಸೇಜ್ ಸುಡುತ್ತಿರುವಾಗ ಕೊರ್ನೆಲಿಯಾ ಅವನ ಪಕ್ಕಕ್ಕೆ ಬಂದು ಕೂತಳು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಹುಡುಗಿ, ಕ್ಲಬ್ಬಿನಲ್ಲಿ ಅವಳೂ ದಾರಿ ಹೇಳುವವಳು. ಅವಳ ಕಣ್ಣಿನಿಂದ ಒಂದು ಕೊಕ್ಕರೆ ಗೂಡೂ ತಪ್ಪಿಸಿಕೊಂಡದ್ದಿಲ್ಲ. ಹಿಂದಿನ ವರ್ಷ ತನ್ನ ಪೈಲಟನ್ನು ಅವಳೇ ಬಿಟ್ಟಿದ್ದಳು. ಪೆಟ್ರೋಲು ಎಷ್ಟಿದೆ ಎಂದು ಅವನು ಸುಳ್ಳು ಹೇಳಿದ್ದನಂತೆ, ಅಷ್ಟಕ್ಕೇ.

"ನೀವು ಚೆನ್ನಾಗಿ ಹಾರಿಸ್ತೀರ ಇರೆಕ್" ಎಂದಳು. "ನಿಮ್ಮ ಜೊತೆ ಒಂದು ವರ್ಷ ಕೂತ್ರೆ ನಾವಿಬ್ರೂ ದೇಶದ ತಂಡಕ್ಕೆ ಹೋಗ್ತೀವಿ. ಆದ್ರೆ ನೀವು ಮೇಷ್ಟ್ರನ್ನ ಬಿಡಲ್ಲ, ನಂಗೊತ್ತು. ಅದೂ ಒಳ್ಳೇದೇ ಬಿಡಿ."

ಅವಳು ಹೇಳಿ ಮರೆತಳು. ಇರೆಕ್‌ಗೆ ಅದು ಎದೆಯೊಳಗೆ ಕೂತುಬಿಟ್ಟಿತು. ಜೂನ್ ಕೊನೆಗೆ ರಾಷ್ಟ್ರೀಯ ಸ್ಪರ್ಧೆ. ಮೇಷ್ಟ್ರ ಜೊತೆ ಎಷ್ಟು ವರ್ಷ ಹೋದರೂ ಐದನೆಯ ಸ್ಥಾನ, ಏಳನೆಯ ಸ್ಥಾನ. ಪದಕದ ಮೆಟ್ಟಿಲ ಕೆಳಗೆ ನಿಂತು ಚಪ್ಪಾಳೆ ತಟ್ಟಿ ವಾಪಸ್ಸು ಬರುವುದೇ ಆಗಿತ್ತು. ಮೇಷ್ಟ್ರು ತಪ್ಪು ಮಾಡುವವರಲ್ಲ, ಆದರೆ ನಿಧಾನ. ಫೋಟೋ ಹಿಡಿದು, ಕನ್ನಡಕ ಏರಿಸಿ, ಇಳಿಸಿ, "ಇದೇ ಇರ್ಬೇಕು ಕಣೋ" ಎನ್ನುವಷ್ಟರಲ್ಲಿ ಆ ಗುಡಿ ರೆಕ್ಕೆಯ ಕೆಳಗೆ ದಾಟಿ ಹೋಗಿರುತ್ತಿತ್ತು. "ಮೇಷ್ಟ್ರೇ, ಈ ಸಲ ನಾನು ಬೇರೆಯವರ ಜೊತೆ ಹೋಗ್ತೀನಿ" ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳುವ ಎದೆ ಇರೆಕ್‌ಗೆ ಇರಲಿಲ್ಲ. ಅವರಾಗಿಯೇ ಬಿಟ್ಟುಹೋದರೆ? ಆ ಯೋಚನೆ ಬಂದ ಕೂಡಲೇ ಅವನಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಯೋಚನೆ ಹೋಗಲಿಲ್ಲ.

ಮೇ ತಿಂಗಳ ಮೊದಲ ಭಾನುವಾರ, ಮೇಷ್ಟ್ರು ತಲೆ ತಗ್ಗಿಸಿ ನಕ್ಷೆಯ ಮೇಲೆ ನಿಮಿಷದ ಗೆರೆಗಳನ್ನು ನೋಡುತ್ತಿದ್ದಾಗ, ಇರೆಕ್ ತಿರುಪನ್ನು ಐದಾರು ಡಿಗ್ರಿ ಆಚೆ ತಿರುಗಿಸಿದ. ಕೈ ತಾನಾಗಿ ಹೋಯಿತು ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಯಾರ ಕೈಯೂ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಭಾನುವಾರವೂ ಆ ಕೈ ತಿರುಪಿಗೆ ಹೋಯಿತು, ಅದರ ಮುಂದಿನ ಭಾನುವಾರವೂ ಹೋಯಿತು. ಪರದೆಯ ಮೇಲೆ ಮೂಡುವ ಗೆರೆ ಪ್ರತಿ ಸಲವೂ ಎಡಕ್ಕೆ ಸರಿದಿರುತ್ತಿತ್ತು. ನಗುವವರು ಕಡಿಮೆಯಾದರು. ಬ್ವಾಜೆಯ್ ತಮಾಷೆ ಬಿಟ್ಟು ಮೇಷ್ಟ್ರಿಗೆ ಕುರ್ಚಿ ಎಳೆದು ಹಾಕುವುದಕ್ಕೆ ಶುರುಮಾಡಿದ.

ಮೂರನೆಯ ಭಾನುವಾರ ಹ್ಯಾಂಗರ್ ಗುಡಿಸಿ ಮುಗಿಸಿದ ಮೇಷ್ಟ್ರು ಇರೆಕ್ ಹತ್ತಿರ ಬಂದರು.

"ಇರೆಕ್, ಸಾಕು ಕಣೋ. ಮನೇಲಿ ಒಂದೊಂದು ಕೋನಾನೂ ಮೂರ್ಮೂರ್ ಸಲ ಅಳೀತೀನಿ, ಸರಿಯಾಗೇ ಬರುತ್ತೆ. ಮೇಲಕ್ಕೆ ಹೋದ್ರೆ ಎಲ್ಲ ತಪ್ಪು. ತಲೆ ಕೈಕೊಡ್ತಿದೆ. ನೀನು ಕೊರ್ನೆಲಿಯಾ ಜೊತೆ ಹೋಗು."

"ಛೇ, ಏನ್ ಮೇಷ್ಟ್ರೇ ನೀವು..." ಎಂದ ಇರೆಕ್. ಅಷ್ಟೇ ಎಂದ. ಅದಕ್ಕಿಂತ ಹೆಚ್ಚು ಹೇಳಿದರೆ ಅವರು ಮನಸ್ಸು ಬದಲಿಸಿಯಾರು ಎಂಬ ಭಯ ಅವನಿಗಿತ್ತು. ನಾಚಿಕೆಗೇಡು ಅಂದರೆ ಇದೇ.

ಕೊರ್ನೆಲಿಯಾ ಜೊತೆ ಹಾರಾಟ ಹಬ್ಬದ ಹಾಗಿತ್ತು. "ಬಲಕ್ಕೆ ಎರಡು. ಗೂಡು, ಅಗೋ. ನಾಲ್ಕು ಸೆಕೆಂಡ್ ಮುಂದಿದ್ದೀವಿ, ಸ್ವಲ್ಪ ತಡೀರಿ." ತಿರುವಿಗೆ ತಿರುವು ಸೆಕೆಂಡಿಗೆ ಸರಿಯಾಗಿ. ಬ್ವಾಜೆಯ್ ಬೆನ್ನು ತಟ್ಟಿದ. ಇರೆಕ್ ಮಾತ್ರ ಗಳಿಗೆಗೊಮ್ಮೆ ದಿಕ್ಸೂಚಿ ನೋಡುತ್ತಿದ್ದ, ತಿರುಪು ಮುಟ್ಟುತ್ತಿದ್ದ, ಮತ್ತೆ ನೋಡುತ್ತಿದ್ದ. "ಏನ್ರೀ, ಅದಕ್ಕೆ ಮುತ್ತು ಕೊಡೋದೊಂದು ಬಾಕಿ" ಎಂದು ಅವಳು ಛೇಡಿಸಿದಳು.

ಜೂನ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಗೆ ಮೇಷ್ಟ್ರ ಹೆಂಡತಿ ಲುತ್ಸಿನಾ ಬಂದರು. ಬಸ್ಸಿನಲ್ಲಿ ಬಂದಿದ್ದರು. ಉಪ್ಪುನೀರಿಗೆ ಸಬ್ಬಸಿಗೆ ಹಾಕಿ ನೆನೆಯಿಟ್ಟ ಎಳೆ ಸೌತೆಕಾಯಿಯ ಒಂದು ಜಾಡಿಯನ್ನು ಮೇಜಿನ ಮೇಲಿಟ್ಟು, ಹಳೆ ಟೈರಿನ ಮೇಲೆಯೇ ಕೂತರು.

"ಬಸ್ಸಲ್ಲಿ ಯಾಕ್ ಬಂದ್ರಿ ಅಮ್ಮಾ? ಮೇಷ್ಟ್ರು ಕಾರಲ್ಲಿ ಬಿಡ್ತಿದ್ರಲ್ಲ?"

"ಅವರು ಕಾರು ಮುಟ್ಟೋದ್ನ ಬಿಟ್ಬಿಟ್ಟಿದ್ದಾರೆ ಕಣಪ್ಪ. ಟಾರ್ಪಾಲ್ ಹೊದಿಸಿಟ್ಟಿದ್ದಾರೆ. ನೆಟ್ಟಗೆ ಹೋಗ್ತಿದ್ದೀನಿ ಅಂದ್ಕೊಂಡು ಯಾರ್ದಾದ್ರೂ ಮಗು ಮೇಲೆ ಹತ್ತಿಸಿಬಿಟ್ರೆ ಅಂತಾರೆ. ಬೀದಿ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಿದ್ರಲ್ಲ, ಅವರ್ನೂ ಬರಬೇಡಿ ಅಂದ್ರು. ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿದ್ದೆ. ಅದೇನೇನೋ ಪ್ರಶ್ನೆ ಕೇಳಿದ್ರು, ಗಡಿಯಾರ ಬರೆಸಿದ್ರು. ಎಲ್ಲ ಸರಿ ಇದೆ ಅಂದ್ರು. ಇವರು ನಂಬಲ್ಲ. ಡಾಕ್ಟ್ರು ಸಮಾಧಾನಕ್ಕೆ ಸುಳ್ಳು ಹೇಳ್ಬಹುದು, ಆ ವಿಮಾನದ ಡಬ್ಬಿ ಸುಳ್ಳು ಹೇಳಲ್ಲ ಅಂತಾರೆ."

ಇರೆಕ್ ಕೈಯಲ್ಲಿದ್ದ ಪಾನಾವನ್ನು ಒರೆಸುತ್ತಲೇ ಇದ್ದ.

"ನೀನು ಅವರ ಪಕ್ಕದಲ್ಲೇ ಕೂತಿದ್ದೋನು. ನನ್ನಾಣೆ, ನಿಜ ಹೇಳು. ಅವರ ತಲೆ ನಿಜ್ವಾಗ್ಲೂ ಹೋಗ್ತಿದ್ಯಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗುತ್ತಿತ್ತು? ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇರೆಕ್ ಜಾಡಿಯ ಕಡೆ ನೋಡಿದ, ನೆಲ ನೋಡಿದ.

"ವಯಸ್ಸು ಅಮ್ಮಾ" ಎಂದ. "ಸ್ವಲ್ಪ ಮರೆವು ಇದ್ದೇ ಇರುತ್ತಲ್ಲ."

ಲುತ್ಸಿನಾ ತಲೆಯಾಡಿಸಿದರು, ಸೆರಗಿನಂಥ ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. "ನಿಜ ಹೇಳಿದ್ಯಲ್ಲ, ಅಷ್ಟು ಸಾಕು. ಇನ್ನು ನಾನು ನೋಡ್ಕೋತೀನಿ" ಎಂದು ಎದ್ದು ಬಸ್ಸಿಗೆ ಹೋದರು. ಸೌತೆಕಾಯಿ ಜಾಡಿಯನ್ನು ಇರೆಕ್ ಮನೆಗೆ ಒಯ್ಯಲಿಲ್ಲ, ಅಂಗಡಿಯಲ್ಲಿ ತೆರೆಯಲೂ ಇಲ್ಲ.

ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಶನಿವಾರ ಚರ್ಚಿಗೆ ಹೋಗಿ, ಪಾಪನಿವೇದನೆ ಕೇಳುವ ಪಾದ್ರಿಯ ಗೂಡಿನ ಜಾಲರಿಯ ಮುಂದೆ ಮೊಣಕಾಲೂರಿ, "ಸುಳ್ಳು ಹೇಳಿದ್ದೀನಿ ಸ್ವಾಮಿ, ಒಬ್ಬರಿಗೆ ಮೋಸ ಮಾಡಿದ್ದೀನಿ" ಎಂದ. ಬುಗುರಿಯ ಹೆಸರೆತ್ತಲಿಲ್ಲ, ಮೇಷ್ಟ್ರ ಹೆಸರೆತ್ತಲಿಲ್ಲ. ಪಾದ್ರಿ ಒಂದಿಷ್ಟು ಪ್ರಾರ್ಥನೆ ಹೇಳಿಕೊಳ್ಳಲು ಹೇಳಿ, ಕ್ಷಮೆ ಕೊಟ್ಟು, ಜಾಲರಿಗೆ ಬಾಯಿ ಹತ್ತಿರ ತಂದು, "ಇರೆಕ್, ನನ್ನ ಹಿಂದಿನ ಎಡಗಡೆ ಟೈರು ಗಾಳಿ ಬಿಡ್ತಾ ಇದೆ, ಸೋಮವಾರ ನೋಡ್ತೀಯಾ?" ಎಂದರು. ಅಷ್ಟು ಅಗ್ಗದ ಕ್ಷಮೆ ಅವನ ಮೈಗೆ ಹತ್ತಲಿಲ್ಲ. ಸೋಮವಾರ ಪಾದ್ರಿಯ ಟೈರಿಗೆ ತೇಪೆ ಹಾಕುವಾಗ, ತಾನು ಎಲ್ಲಿ ಹೇಳಬೇಕೋ ಅಲ್ಲಿ ಬಿಟ್ಟು ಬೇರೆ ಕಡೆ ಹೇಳಿ ಬಂದೆ ಎಂದು ಅವನಿಗೆ ಸ್ಪಷ್ಟವಾಯಿತು.

ಸ್ಪರ್ಧೆಗೆ ಹೊರಡುವ ಹಿಂದಿನ ದಿನ ಸಂಜೆ ಮೇಷ್ಟ್ರ ಮನೆಗೆ ಹೋದ. ವ್ಯಾನನ್ನು ಗೇಟಿನ ಬಾಯಿಗೇ ನಿಲ್ಲಿಸಿದ. ಮೇಷ್ಟ್ರು ಅಂಗಳದ ಬೆಂಚಿನಲ್ಲಿ ಕೂತು ಚಾಕು ಹಿಡಿದು ಸ್ಟ್ರಾಬೆರಿ ಹಣ್ಣಿನ ತೊಟ್ಟು ಬಿಡಿಸುತ್ತಿದ್ದರು. ಪಕ್ಕದಲ್ಲಿ ಟಾರ್ಪಾಲ್ ಹೊದ್ದ ಕಾರು, ಅದರ ಮೇಲೆಲ್ಲ ಹಕ್ಕಿ ಹಿಕ್ಕೆ.

"ಬಾರೋ ಬಾರೋ. ನಾಳೆ ಹೊರಡೋದಲ್ವಾ? ಗಾಳಿ ಪಡುವಣದಿಂದ ಅಂತೆ, ರೇಡಿಯೋದಲ್ಲಿ ಹೇಳ್ತಿದ್ರು." ಅವರು ಅಂಗಿಯ ಜೇಬಿಗೆ ಕೈಹಾಕಿ ತಮ್ಮ ಕೋನಮಾಪಕ ತೆಗೆದರು. ಅಂಚು ಸವೆದು ಹಳದಿಗಟ್ಟಿದ ಪ್ಲಾಸ್ಟಿಕ್ಕಿನದು. "ಕೊರ್ನೆಲಿಯಾಗೆ ಕೊಡು. ಅವಳ ಹತ್ರ ಹೊಸದಿರುತ್ತೆ, ಇದೂ ಇರ್ಲಿ. ನನಗಿನ್ನು ಯಾತಕ್ಕೆ?"

ಇರೆಕ್ ಕೈ ನೀಡಲಿಲ್ಲ.

"ಮೇಷ್ಟ್ರೇ, ತಪ್ಪು ನಿಮ್ಮದಲ್ಲ. ಬುಗುರಿ ಹೊಂದಿಸೋದ್ನ ಮರ್ತಿದ್ದೆ ನಾನು."

"ಯಾವಾಗ?"

"ಏಪ್ರಿಲಲ್ಲಿ. ಆಮೇಲೂ. ಎಲ್ಲಾ ಸಲಾನೂ."

ಮೇಷ್ಟ್ರು ಅವನನ್ನು ಒಂದು ಕ್ಷಣ ನೋಡಿದರು, ಆಮೇಲೆ ಮೆಲ್ಲಗೆ ನಕ್ಕರು. "ಒಂದ್ಸಲ ಅಂದಿದ್ರೆ ನಂಬ್ತಿದ್ದೆ. ಸಾಲಾಗಿ ಎಲ್ಲಾ ಭಾನುವಾರ ಮರೀತಿದ್ಯಾ? ಬೋಲ್ಟ್ ಎರಡೆರಡು ಸಲ ಬಿಗಿ ನೋಡ್ದೆ ಗಿರಾಕೀನ ಕಳಿಸೋನಲ್ಲ ನೀನು." ಮನೆಯ ಕಡೆ ತಿರುಗಿ ಕೂಗಿದರು, "ಲುತ್ಸಿನಾ, ಬಾರೇ ಇಲ್ಲಿ! ಈ ಹುಡುಗ ನನ್ನ ಸಮಾಧಾನಕ್ಕೆ ಎಂಥಾ ಕಥೆ ಕಟ್ಕೊಂಡ್ ಬಂದಿದ್ದಾನೆ ಕೇಳು!"

ಲುತ್ಸಿನಾ ಬಂದರು, ಕೇಳಿದರು, ಇರೆಕ್‌ನ ಕೆನ್ನೆ ಸವರಿದರು. "ನಿನ್ನಂಥ ಮನಸ್ಸು ಎಲ್ರಿಗೂ ಇರಲ್ಲ ಕಣಪ್ಪ. ಹೋಗಿ ಗೆದ್ದು ಬಾ."

ಅವನು ಅಲ್ಲಿಂದ ಹೊರಟುಬಿಡಬಹುದಿತ್ತು. ಹೇಳಿಯಾಗಿದೆ, ನಂಬದಿದ್ದರೆ ಅವರ ಪಾಡು, ಇನ್ನು ದೇವರೂ ಕೇಳುವಂತಿಲ್ಲ. ಹೀಗೆಂದು ಲೆಕ್ಕ ಹಾಕಿ ಗೇಟಿನ ಕಡೆ ಹೆಜ್ಜೆಯನ್ನೂ ಇಟ್ಟ. ಹಿಂದೆ ಲುತ್ಸಿನಾ ಗಂಡನ ಕೈಯಿಂದ ಚಾಕು ತೆಗೆದುಕೊಳ್ಳುತ್ತಿದ್ದರು. "ಕೊಡಿ ಇಲ್ಲಿ, ಕೈ ಕುಯ್ಕೋತೀರ. ನಾನ್ ಮಾಡ್ತೀನಿ. ಜಾಣ ಅಲ್ವಾ ನೀವು, ಒಳಗೆ ಹೋಗಿ ಕೂತ್ಕೊಳ್ಳಿ." ಕಪ್ಪು ಹಲಗೆಯ ಮುಂದೆ ನಿಂತರೆ ನಲವತ್ತು ಹುಡುಗರ ಉಸಿರು ನಿಲ್ಲಿಸುತ್ತಿದ್ದ ಮೇಷ್ಟ್ರು, ಕೇಳಿದ ಕೂಡಲೇ ಚಾಕು ಕೊಟ್ಟುಬಿಟ್ಟರು. ಎದುರು ಮಾತಾಡಲಿಲ್ಲ.

ಇರೆಕ್ ತಿರುಗಿ ಬಂದ.

"ಮರ್ತಿದ್ದಲ್ಲ ಮೇಷ್ಟ್ರೇ. ಮೊದಲನೇ ಸಲ ಮಾತ್ರ ಮರ್ತಿದ್ದೆ. ಆಮೇಲೆ ಬೇಕಂತ್ಲೇ ತಿರುಗಿಸಿದ್ದು. ನೀವು ನಕ್ಷೆ ನೋಡೋವಾಗ. ನೀವು ತಪ್ಪಿ, ತಪ್ಪಿ, ನೀವಾಗೇ ಬಿಟ್ಟು ಹೋಗ್ಲಿ ಅಂತ. ನಂಗೆ ಕೊರ್ನೆಲಿಯಾ ಬೇಕಿತ್ತು, ಪದಕ ಬೇಕಿತ್ತು. ನಿಮ್ಮ ಮುಖ ನೋಡ್ಕೊಂಡು ಬೇಡ ಅನ್ನೋ ಧೈರ್ಯ ಇರ್ಲಿಲ್ಲ."

ಈ ಸಲ ಯಾರೂ ನಗಲಿಲ್ಲ. ಯಾರನ್ನಾದರೂ ಸಮಾಧಾನ ಮಾಡುವುದಕ್ಕೆ ಇಂಥ ಮಾತನ್ನು ಯಾರೂ ಕಟ್ಟಿಕೊಂಡು ಬರುವುದಿಲ್ಲ.

"ಯಾವ ಕಡೆಗೆ?" ಎಂದರು ಮೇಷ್ಟ್ರು.

"ವಿಮಾನ ಎಡಕ್ಕೆ ಹೋಗೋ ಹಾಗೆ."

"ಎಷ್ಟು?"

"ಐದಾರು ಡಿಗ್ರಿ."

ಮೇಷ್ಟ್ರು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. "ಇಟ್ಟಿಗೆ ಗೂಡು ಬಲಗಡೆ ಉಳೀತು... ರೈಲ್ವೆ ಗೇಟೂ ಬಲಗಡೆ... ಸೇತುವೆ... ಹೌದು. ಹೌದು!" ಕಣ್ಣು ತೆರೆದಾಗ ಮುಖವೇ ಬೇರೆಯಾಗಿತ್ತು. ಬೆಂಚಿನಿಂದ ಎದ್ದು ಹೆಂಡತಿಯ ಎರಡೂ ಭುಜ ಹಿಡಿದು ಅಲುಗಿಸಿದರು. "ನನ್ನ ಲೆಕ್ಕ ಸರಿ ಇತ್ತು ಕಣೇ! ಒಂದೂ ತಪ್ಪಿರ್ಲಿಲ್ಲ! ತಲೆ ನೆಟ್ಟಗಿದೆ ನಂದು!" ಎಂದು ಹುಡುಗನ ಹಾಗೆ ನಕ್ಕರು.

ಬೈಗುಳಕ್ಕೆ, ಕಪಾಳಮೋಕ್ಷಕ್ಕೂ ಇರೆಕ್ ತಯಾರಾಗಿ ಬಂದಿದ್ದ. ಈ ನಗುವಿಗೆ ತಯಾರಾಗಿರಲಿಲ್ಲ. ಅಷ್ಟು ದಿನ ಅವರಿಂದ ತಾನು ಏನನ್ನು ಕಿತ್ತುಕೊಂಡಿದ್ದೆ ಎಂಬುದು ಅದು ವಾಪಸ್ಸು ಬಂದಾಗ ಅವನಿಗೆ ಕಾಣಿಸಿತು.

ನಗು ತಾನಾಗಿ ನಿಂತಿತು. ಉಳಿದದ್ದು ಈಗ ಮೇಷ್ಟ್ರಿಗೆ ತಟ್ಟಿರಬೇಕು. ಸ್ಟ್ರಾಬೆರಿ ಬುಟ್ಟಿಯನ್ನು ಬೆಂಚಿನ ಆಚೆ ತುದಿಗೆ ಸರಿಸಿದರು.

"ಆ ಹುಡುಗಿಗೆ ಗೊತ್ತಾ?"

"ಇಲ್ಲ."

"ಹೇಳು. ನಾಳೆ ಪಕ್ಕದಲ್ಲಿ ಕೂರೋಳು ಅವಳು."

ಹೇಳಿದರೆ ಅವಳು ಕೂರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ಹೇಳ್ತೀನಿ" ಎಂದ ಇರೆಕ್.

ಮೇಷ್ಟ್ರು ಕಾರಿನ ಟಾರ್ಪಾಲನ್ನು ಒಂದೇ ಸೆಳೆತಕ್ಕೆ ಎಳೆದು ಹುಲ್ಲಿನ ಮೇಲೆ ಹಾಕಿದರು. ಒಳಗೆ ಹೋಗಿ ಬೀಗದ ಕೈ ತಂದರು. ಬಾಗಿಲು ತೆರೆಯುವಾಗ ಇರೆಕ್‌ನ ಕಡೆ ನೋಡದೆಯೇ, "ನಿನ್ನ ಗಾಡಿ ತೆಗಿ. ದಾರಿಗೆ ಅಡ್ಡ ಇದೆ" ಎಂದರು. ಅವನು ಓಡಿ ಹೋಗಿ ವ್ಯಾನನ್ನು ಹಿಂದಕ್ಕೆ ತೆಗೆದ. ಕಾರು ಒಂದೆರಡು ಸಲ ಕೆಮ್ಮಿ, ಹೊರಗೆ ಬಂದು, ಅವನ ಪಕ್ಕದಲ್ಲೇ ಹಾದು, ಚರ್ಚಿನ ರಸ್ತೆಗೆ ನೆಟ್ಟಗೆ ಇಳಿಯಿತು.

ಗೇಟು ಹಾಕುವುದಕ್ಕೆ ಲುತ್ಸಿನಾ ಬಂದಿದ್ದರು. ಕೈಯಲ್ಲಿ ಇನ್ನೂ ಆ ಚಾಕು ಇತ್ತು. ಇರೆಕ್ ವ್ಯಾನಿನಿಂದ ಇಳಿದು ಅವರ ಮುಂದೆ ನಿಂತ. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದ.

"ನಾನು ಅಂಗಡಿಗೆ ಬಂದು ಕೇಳಿದ್ನಲ್ಲ" ಎಂದರು ಅವರು. ದನಿ ಏರಿರಲಿಲ್ಲ. "ನೀನು ಹೇಳಿದ ಮೇಲೆ ಅವರಿಗೆ ಒಲೆ ಹಚ್ಚೋಕೂ ಬಿಟ್ಟಿಲ್ಲ ನಾನು. ಗೇಟಿನಾಚೆ ಒಬ್ಬರನ್ನೇ ಕಳಿಸಿಲ್ಲ. ಕೂತ್ಕೊಳ್ಳಿ, ಮುಟ್ಬೇಡಿ, ಬಾಯಿ ಒರೆಸ್ಕೊಳ್ಳಿ ಅಂತ ಮಗೂಗೆ ಹೇಳೋ ಹಾಗೆ ಹೇಳಿದ್ದೀನಿ. ಅವರು ಒಂದು ಸಲಾನೂ ಬೇಜಾರ್ ಮಾಡ್ಕೊಳ್ಳಿಲ್ಲ, ಹೇಳಿದ್ದೆಲ್ಲ ಕೇಳಿದ್ರು. ಈಗ ವಾಪಸ್ ಬರ್ತಾರೆ. ಏನಂತ ಹೇಳ್ಲಿ ಇರೆಕ್ ಅವರಿಗೆ?"

ಲುತ್ಸಿನಾ ಗೇಟು ಹಾಕಿಕೊಂಡು ಒಳಗೆ ಹೋದರು.